ತಂಗಿಗೆ ಬಿಸಿಎ ಸೇರಿಸಬೇಕೋ, ಸಿಇಟಿ ಸೀಟಿಗೆ ಕಾಯಬೇಕೋ?

ಹಾನಗಲ್_ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಪಿಸಿಎಂಸಿ, ಅಂದರೆ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್. 81 ಪರ್ಸೆಂಟ್ ಬಂದಿದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕ್ 60 ಸಾವಿರ ದಾಟಿದೆ. ನಮ್ಮದು ಹಾನಗಲ್ ಹತ್ತಿರದ ಹಳ್ಳಿ. ಮೂರು ಎಕರೆ ಹೊಲ, ಗೋವಿನಜೋಳ ಮತ್ತು ಭತ್ತ. ನಾನು ಐಟಿಐ ಮಾಡಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೇನೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತುವವಳು ಅವಳೇ ಮೊದಲು.

ಅವಳಿಗೆ ಕಂಪ್ಯೂಟರ್ ಬಿಟ್ಟು ಬೇರೆ ಏನೂ ಬೇಡ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದರೆ ಅವಳ ಹತ್ತಿರ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ, ಅದರ ತುಂಬಾ ಪೆನ್ಸಿಲ್‌ನಲ್ಲಿ ಪ್ರೋಗ್ರಾಂ ಬರೆದಿದ್ದಾಳೆ. ರಾತ್ರಿ ಕೂತು ಬರೆಯುತ್ತಾಳೆ, ಒಂದೊಂದೇ ಸಾಲಿನ ಮೇಲೆ ಬೆರಳು ಇಟ್ಟು ಪಕ್ಕದಲ್ಲಿ ಉತ್ತರ ಏನು ಬರಬೇಕು ಅಂತ ಬರೆದುಕೊಳ್ಳುತ್ತಾಳೆ, ಮರುದಿನ ಕಾಲೇಜು ಲ್ಯಾಬಿನಲ್ಲಿ ಹಾಕಿ ನೋಡಿ ಸರಿ ಇದ್ದರೆ ಟಿಕ್ ಹಾಕುತ್ತಾಳೆ. ಅದನ್ನು ನೋಡಿದ ಮೇಲೆ ಇವಳನ್ನು ಹೇಗಾದರೂ ಓದಿಸಬೇಕು ಅಂತ ನನಗೆ ಗಟ್ಟಿಯಾಯಿತು.

ಈಗ ತೊಂದರೆ ಏನೆಂದರೆ, ಡಿಗ್ರಿ ಕಾಲೇಜಿನಲ್ಲಿ ಬಿಸಿಎ ಅಡ್ಮಿಷನ್ ಶುರುವಾಗಿದೆ, ಸಿಇಟಿ ಸೀಟು ಹಂಚಿಕೆ ಇನ್ನೂ ಆಗಿಲ್ಲ. ಬಿಸಿಎ ಬಿಟ್ಟು ಕಾದರೆ, ಆಮೇಲೆ ಎರಡೂ ಕೈತಪ್ಪಿದರೆ? ನಮ್ಮ ಸೋದರಮಾವ ಬೇರೆ, "ಹುಡುಗಿಗೆ ರೆಗ್ಯುಲರ್ ಕಾಲೇಜು ಯಾಕೆ, ದೂರಶಿಕ್ಷಣದಲ್ಲಿ ಬಿಸಿಎ ಕಟ್ಟಲಿ, ಹುಬ್ಬಳ್ಳಿಯಲ್ಲಿ ಒಂದು ಕೆಲಸ ನೋಡೋಣ" ಅಂತ ಅಪ್ಪನ ತಲೆಗೆ ತುಂಬಿದ್ದಾರೆ. ಒಬ್ಬ ಏಜೆಂಟ್ ಫೋನ್ ಮಾಡಿ ಈ ರ್‍ಯಾಂಕಿಗೆ ಸಿಎಸ್ ಎಲ್ಲೂ ಸಿಗುವುದಿಲ್ಲ, ಮ್ಯಾನೇಜ್‌ಮೆಂಟ್ ಸೀಟು ಈಗಲೇ ಹಿಡಿಯಿರಿ ಅಂದ. ನಾವು ಹಿಂದುಳಿದ ವರ್ಗದ 2ಎ. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಏನು ಮಾಡಲಿ, ಗೊತ್ತಿದ್ದವರು ಹೇಳಿ.

ಸೈಬರ್_ಅಂಗಡಿ

ಅಣ್ಣಾ, ಮೊದಲು ಆ ಏಜೆಂಟ್ ನಂಬರ್ ಬ್ಲಾಕ್ ಮಾಡಿ. ನಾನು ಒಂಬತ್ತು ವರ್ಷದಿಂದ ಸಿಇಟಿ ಅರ್ಜಿ ತುಂಬಿಕೊಡುತ್ತಿದ್ದೇನೆ. ರಿಸಲ್ಟ್ ಬಂದ ವಾರದಲ್ಲಿ ಇಂಥ ಫೋನ್ ಎಲ್ಲ ಮನೆಗೂ ಬರುತ್ತವೆ.

ನಿಮ್ಮ ಪ್ರಶ್ನೆಯ ಕೊನೆಯ ಎರಡು ಸಾಲೇ ಮುಖ್ಯ. ಹಳ್ಳಿಯಲ್ಲಿ ಹತ್ತು ವರ್ಷ ಓದಿದವರಿಗೆ ಗ್ರಾಮೀಣ ಕೋಟಾ 15 ಪರ್ಸೆಂಟ್, ಹತ್ತು ವರ್ಷ ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್. ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಇದೆ, ಅಂದರೆ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತು ಅಂತ. ಅದನ್ನು ತೆಗೆದು ಜಿಎಂ, ಅಂದರೆ ಜನರಲ್ ಮೆರಿಟ್ ಕಾಲಂ ನೋಡಿ ಹೆದರಬೇಡಿ, ಎಲ್ಲರೂ ಮಾಡುವ ತಪ್ಪು ಅದೇ. ನಿಮ್ಮ ತಂಗಿ ನೋಡಬೇಕಾದದ್ದು 2ಎಜಿ, 2ಎಆರ್, 2ಎಕೆ ಅಂತ ಇರುವ ಮೂರು ಕಾಲಂ. ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಒಂದೇ ಕಾಲೇಜು, ಒಂದೇ ಬ್ರಾಂಚ್, ಜಿಎಂ ಎಲ್ಲಿಗೋ ನಿಂತಿರುತ್ತದೆ, ಈ ಕಾಲಂಗಳಲ್ಲಿ ಸಾವಿರಗಟ್ಟಲೆ ಮುಂದೆ ಹೋಗಿರುತ್ತದೆ. ಎರಡನೇ ಸುತ್ತಿನ ಪಟ್ಟಿಯನ್ನೂ ತೆಗೆದು ನೋಡಿ.

ಆದರೆ ಇವೆಲ್ಲ ಸಿಗಬೇಕಾದರೆ ಅರ್ಜಿಯಲ್ಲಿ ಎರಡನ್ನೂ ಕೇಳಿರಬೇಕು. ಇವತ್ತೇ ಅವಳ ವೆರಿಫಿಕೇಷನ್ ಸ್ಲಿಪ್ ತೆಗೆದು ನೋಡಿ, 2ಎ, ಗ್ರಾಮೀಣ, ಕನ್ನಡ ಮಾಧ್ಯಮ ಮೂರೂ ಬಂದಿವೆಯಾ ಅಂತ. ಬಂದಿಲ್ಲದಿದ್ದರೆ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಮೇಲುಸಹಿ ಹಾಕಿಸಿಕೊಂಡು ತಿದ್ದುಪಡಿಗೆ ಅವಕಾಶ ಕೊಡುವ ದಿನಗಳಲ್ಲಿ ಓಡಾಡಬೇಕು. ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ ಅವಳ ಹೆಸರಲ್ಲೇ ಇರಬೇಕು, ಅಪ್ಪನ ಹೆಸರಲ್ಲಿ ಅಲ್ಲ. ಹೋದ ವರ್ಷ ನಮ್ಮ ಅಂಗಡಿಗೆ ಬಂದ ಒಬ್ಬ ಹುಡುಗನ ಜಾತಿ ಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದರೆ ಅವನ ಅಣ್ಣನ ಹೆಸರು ಬಂತು. ಮನೆಯಲ್ಲಿ ಯಾರೂ ನೋಡಿಕೊಂಡಿರಲಿಲ್ಲ. ಆ ಹುಡುಗನ ಮುಖ ನನಗೆ ಈಗಲೂ ನೆನಪಿದೆ.

ಎಸ್‌ಎನ್‌ಕ್ಯೂ ಕೂಡ ನೋಡಿ. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಇಲ್ಲದ ಸೀಟು ಅದು, ಪ್ರತಿ ಬ್ರಾಂಚಿಗೆ 5 ಪರ್ಸೆಂಟ್ ಹೆಚ್ಚುವರಿಯಾಗಿ ಕೊಡುತ್ತಾರೆ.

ಆಮೇಲೆ ಇನ್ನೊಂದು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆನ್‌ಲೈನ್ ಪಟ್ಟಿ ಮಾಡುವಾಗ ಅವಳೇ ಕೂತಿರಲಿ. ಪಾಸ್‌ವರ್ಡ್ ಅವಳ ಹತ್ತಿರವೇ ಇರಲಿ, ನಮ್ಮಂಥ ಅಂಗಡಿಯವರ ಹತ್ತಿರ ಬಿಡಬೇಡಿ. ಸಿಎಸ್ ಅಂದರೆ ಕಂಪ್ಯೂಟರ್, ಸಿಇ ಅಂದರೆ ಸಿವಿಲ್. ಒಂದೇ ಅಕ್ಷರದ ವ್ಯತ್ಯಾಸ. ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುವಾಗ ಕೈ ತಪ್ಪುತ್ತದೆ.

ಬಿಸಿಎ_ಮೇಷ್ಟ್ರು

ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಅಡ್ಮಿಷನ್ ಕಮಿಟಿಯಲ್ಲೂ ಇದ್ದೇನೆ. ನಿಮ್ಮಂಥ ಅಣ್ಣ, ಅಪ್ಪಂದಿರು ದಿನಾ ಇದೇ ಪ್ರಶ್ನೆ ಕೇಳುತ್ತಾರೆ.

ಬಿಸಿಎ ಅರ್ಜಿಯನ್ನು ಡಿಗ್ರಿ ಅಡ್ಮಿಷನ್‌ಗೆ ಇರುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಈಗಲೇ ಹಾಕಿ. ಕಾಯುವುದು ಬೇಡ. ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆ, ಬಿಇ ಸೀಟು ಬಂದು ಅಲ್ಲಿಗೆ ಹೋದರೂ ಹೊರೆ ಆಗುವಷ್ಟಲ್ಲ. ಒಂದೇ ಎಚ್ಚರ, ಟಿಸಿ. ಅಡ್ಮಿಷನ್ ಆಗುವಾಗ ಮೂಲ ಟಿಸಿ ಕೇಳುತ್ತಾರೆ, ನಾಳೆ ಎಂಜಿನಿಯರಿಂಗ್ ಕಾಲೇಜಿಗೂ ಅದೇ ಟಿಸಿ ಬೇಕು. ಕೊಡುವ ಮೊದಲು ಪ್ರಾಂಶುಪಾಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಸಿಇಟಿಗೆ ಕಾಯುತ್ತಿದ್ದೇವೆ ಅಂತ. ನಮ್ಮಲ್ಲಿ ಒಂದು ಬಿಳಿ ಹಾಳೆಯಲ್ಲಿ ಬರೆಸಿಕೊಂಡು ಸಮಯ ಕೊಡುತ್ತೇವೆ. ಟಿಸಿ, ಮಾರ್ಕ್ಸ್ ಕಾರ್ಡ್, ಜಾತಿ ಪತ್ರ ಎಲ್ಲದರ ಐದೈದು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.

ದೂರಶಿಕ್ಷಣದ ಮಾತು ಬಂತಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಸಿಎ ಇದೆ, ಆ ಪದವಿಗೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಲಸ ಬಿಡಲು ಆಗದವರಿಗೆ ಅದು ದೊಡ್ಡ ಆಸರೆ. ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಪೆನ್ಸಿಲ್‌ನಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿಗೆ ಬೇಕಾಗಿರುವುದು ಲ್ಯಾಬ್. ದಿನಾ ಕೂರುವ ಲ್ಯಾಬ್. ಡೇಟಾ ಸ್ಟ್ರಕ್ಚರ್ಸ್ ಅನ್ನುವ ವಿಷಯ ಇದೆಯಲ್ಲ, ಅದು ಬರೀ ಓದಿ ಬರುವುದಿಲ್ಲ. ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ನಾಲ್ಕು ಸಲ ಕೆಟ್ಟು, ಪಕ್ಕದಲ್ಲಿ ಕೂತವಳು "ಇಲ್ಲಿ ನೋಡೇ, ಪಾಯಿಂಟರ್ ಬಿಟ್ಟಿದ್ದೀಯ" ಅಂದಾಗ ತಲೆಗೆ ಹತ್ತುತ್ತದೆ. ಕೆಲಸ ಮುಗಿಸಿ ರಾತ್ರಿ ಒಬ್ಬಳೇ ಕೂತರೆ ಆ ಪಕ್ಕದವಳು ಎಲ್ಲಿ ಸಿಗುತ್ತಾಳೆ? ಹಾಜರಾತಿ 75 ಪರ್ಸೆಂಟ್ ಬೇಕು ಅಂತ ನಾವು ಹಟ ಹಿಡಿಯುವುದೂ ಇದಕ್ಕೇ. ಇದನ್ನು ನಿಮ್ಮ ಮಾವನವರಿಗೆ ಸಮಾಧಾನವಾಗಿ ಹೇಳಿ ನೋಡಿ.

ಬಿಸಿಎ ಬಗ್ಗೆ ಕೀಳರಿಮೆ ಬೇಡ. ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಆಮೇಲೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಸ್ನಾತಕೋತ್ತರ ಎಂಸಿಎ, ಅದು ಮೊದಲಿನಂತೆ ಮೂರು ವರ್ಷ ಅಲ್ಲ, ಈಗ ಎರಡೇ. ಒಟ್ಟು ಐದು ವರ್ಷ. ಬಿಇಗೆ ನಾಲ್ಕು. ಒಂದು ವರ್ಷದ ವ್ಯತ್ಯಾಸ ಅಷ್ಟೇ.

ಮಲೆನಾಡ_ಹುಡುಗಿ

ನಾನು ಬಿಸಿಎ, ಎಂಸಿಎ ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಮೇಷ್ಟ್ರು ಟಿಸಿ ಬಗ್ಗೆ ಹೇಳಿದ್ದು ನೋಡಿ ನನ್ನ ಕಥೆ ಹೇಳಬೇಕು ಅನ್ನಿಸಿತು.

ನನ್ನದು ಖಾಸಗಿ ಕಾಲೇಜು, ಹೆಸರು ಬೇಡ. ಸೇರಿದ ದಿನ ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿ ಎರಡನ್ನೂ ಇಟ್ಟುಕೊಂಡರು. ಎರಡು ವಾರಕ್ಕೆ ಬೇರೆ ಕಡೆ ಒಳ್ಳೆಯ ಸೀಟು ಬಂತು. ಅಂಕಪಟ್ಟಿ ವಾಪಸ್ ಕೇಳಿದರೆ ಮೂರೂ ವರ್ಷದ ಶುಲ್ಕ ಕಟ್ಟಿ ತೆಗೆದುಕೊಂಡು ಹೋಗಿ ಅಂದರು. ಅಪ್ಪ ಆಫೀಸಿನ ಮುಂದಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೂ ಕೂತಿದ್ದರು, ಕೈಯಲ್ಲಿ ಅಡಿಕೆ ಮಾರಿದ ಚೀಟಿ ಹಿಡಿದುಕೊಂಡು, ದುಡ್ಡು ಎಲ್ಲಿಂದ ಬಂತು ಅಂತ ಅವರಿಗೆ ತೋರಿಸಿದರೆ ಕರುಣೆ ಬರುತ್ತದೆ ಅಂತ. ಬರಲಿಲ್ಲ. ನಾನು ಅಲ್ಲೇ ಉಳಿದೆ.

ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ನೋಡಿ, ಹೋಲಿಸಿ, ಅಲ್ಲೇ ವಾಪಸ್ ಕೊಡಬೇಕು. ನಮಗೆ ಆಗ ಗೊತ್ತಿರಲಿಲ್ಲ. ದಯವಿಟ್ಟು ನೀವು ಗೊತ್ತು ಮಾಡಿಕೊಂಡು ಹೋಗಿ.

ಹುಡುಗಿಗೆ ಯಾಕೆ ಅನ್ನುವವರಿಗೆ ಒಂದೇ ಮಾತು. ನನ್ನ ಟೀಮಿನಲ್ಲಿ ಒಂಬತ್ತು ಜನ, ಅದರಲ್ಲಿ ಐದು ಜನ ಹೆಣ್ಣುಮಕ್ಕಳು, ಮೂವರು ಹಳ್ಳಿಯಿಂದ ಬಂದವರು.

ಹಾನಗಲ್_ಅಣ್ಣ

ಎಲ್ಲರಿಗೂ ತುಂಬಾ ಧನ್ಯವಾದ. ಸ್ಲಿಪ್ ತೆಗೆದು ನೋಡಿದೆವು. 2ಎ ಮತ್ತು ಗ್ರಾಮೀಣ ಬಂದಿದೆ, ಕನ್ನಡ ಮಾಧ್ಯಮ ಬಂದಿಲ್ಲ! ಅರ್ಜಿಯಲ್ಲಿ ಕೇಳಿದ್ದೇವೆ, ಆದರೂ ಇಲ್ಲ. ನಾಳೆ ರಜೆ ಹಾಕಿ ಶಾಲೆಗೆ, ಬಿಇಓ ಆಫೀಸಿಗೆ ಹೋಗುತ್ತೇನೆ. ಸೈಬರ್ ಅಣ್ಣ ಹೇಳದೇ ಇದ್ದರೆ ನಾವು ನೋಡುತ್ತಲೇ ಇರಲಿಲ್ಲ.

ಇನ್ನು ಮೂರು ಪ್ರಶ್ನೆ. ಯಾವ ಕಾಲೇಜು ಮೊದಲು ಹಾಕಬೇಕು? ಸೀಟು ಬಂದ ಮೇಲೆ ಚಾಯ್ಸ್ 1, 2, 3 ಅಂತ ಏನೋ ಇದೆಯಂತೆ, ಅದೇನು? ಲ್ಯಾಪ್‌ಟಾಪ್ ಮೊದಲ ದಿನವೇ ಬೇಕಾ? ಅಪ್ಪ ಎಮ್ಮೆ ಮಾರುವ ಮಾತಾಡುತ್ತಿದ್ದಾರೆ.

ಆರನೇ_ಸೆಮ್

ಅಣ್ಣಾ, ಎಮ್ಮೆ ಮಾರಬೇಡಿ ಅಂತ ಹೇಳಿ. ನಾನು ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಎಸ್ ಓದುತ್ತಿದ್ದೇನೆ, ನಾನೂ ಕನ್ನಡ ಮಾಧ್ಯಮವೇ. ಮೊದಲ ವರ್ಷ ಗಣಿತ, ಫಿಸಿಕ್ಸ್ ಅಥವಾ ಕೆಮಿಸ್ಟ್ರಿ, ಸಿ ಪ್ರೋಗ್ರಾಮಿಂಗ್, ಹೀಗೆ ಇರುತ್ತದೆ. ಲ್ಯಾಬ್ ಸಾಕು. ನಾನು ಮೂರನೇ ಸೆಮ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡೆ, ಸ್ಕಾಲರ್‌ಶಿಪ್ ಬಂದ ಮೇಲೆ. ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮೊದಲು ಅವಳ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಆಗಿರದಿದ್ದರೆ ಮಂಜೂರಾದರೂ ದುಡ್ಡು ಬರುವುದಿಲ್ಲ.

ಆಪ್ಷನ್ ಹಾಕುವುದು ಹೀಗೆ. ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತಾರೆ, ನಿಮ್ಮ ರ್‍ಯಾಂಕಿಗೆ ಎಲ್ಲಿ ಸಿಗುತ್ತದೋ ಅಲ್ಲಿಗೇ ನಿಲ್ಲುತ್ತದೆ, ಕೆಳಗಿನದನ್ನು ನೋಡುವುದೇ ಇಲ್ಲ. ಆದ್ದರಿಂದ ಇದು ಸಿಗುತ್ತದೋ ಇಲ್ಲವೋ ಅಂತ ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡಬೇಡಿ. ಅವಳಿಗೆ ಯಾವುದು ಜಾಸ್ತಿ ಇಷ್ಟವೋ ಅದು ಮೊದಲು. ಸಿಗದಿದ್ದರೆ ಏನೂ ನಷ್ಟ ಇಲ್ಲ, ಮುಂದಿನದಕ್ಕೆ ಹೋಗುತ್ತದೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಸುಮ್ನೆ ಹಾಕಬೇಡಿ, ಬಂದುಬಿಟ್ಟರೆ ಕಷ್ಟ. ಮೊದಲು ಅಣಕು ಹಂಚಿಕೆ ಬರುತ್ತದೆ, ಅದನ್ನು ನೋಡಿದ ಮೇಲೆ ಪಟ್ಟಿ ತಿದ್ದಬಹುದು.

ಹಾವೇರಿ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಎಸ್ ಇದೆ, ನಿಮಗೆ ಹತ್ತಿರ. ಶಕ್ತಿ ಯೋಜನೆ ಇರುವುದರಿಂದ ಅವಳಿಗೆ ಬಸ್ ಖರ್ಚೂ ಇಲ್ಲ. ದಾವಣಗೆರೆಯ ಯುಬಿಡಿಟಿ 1951ರಿಂದ ಇರುವ ಕಾಲೇಜು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ (ವಿಟಿಯು), ಅದನ್ನು ಮೇಲೆ ಹಾಕಿ ನೋಡಿ. ಹೂವಿನಹಡಗಲಿಯಲ್ಲೂ ಸರ್ಕಾರಿ ಕಾಲೇಜು ಇದೆ, ಆದರೆ ಅದು ಕಲ್ಯಾಣ ಕರ್ನಾಟಕ, ಸಂವಿಧಾನದ 371ಜೆ ವಿಧಿ ಪ್ರಕಾರ 70 ಪರ್ಸೆಂಟ್ ಸೀಟು ಅಲ್ಲಿಯವರಿಗೆ. ಅದಕ್ಕೆ ಅದರ ಕಟ್‌ಆಫ್ ನೋಡುವಾಗ ಕಾಲಂ ಸರಿಯಾಗಿ ನೋಡಿ. ಖಾಸಗಿ ಕಾಲೇಜು ಹಾಕುವುದಾದರೆ ಒಂದು ದಿನ ಹೋಗಿ ಲ್ಯಾಬ್ ನೋಡಿಕೊಂಡು ಬನ್ನಿ, ಅಲ್ಲಿಯ ಮಕ್ಕಳನ್ನೇ ಕೇಳಿ, ಪಾಠ ಮಾಡುವವರು ಯಾರು, ವರ್ಷದ ಮಧ್ಯೆ ಬಿಟ್ಟು ಹೋಗುತ್ತಾರಾ ಅಂತ.

ಚಾಯ್ಸ್ 1 ಅಂದರೆ ಈ ಸೀಟು ಸಾಕು, ಶುಲ್ಕ ಕಟ್ಟಿ ಸೇರುತ್ತೇನೆ. 2 ಅಂದರೆ ಇದು ಇರಲಿ, ಮೇಲಿನದು ಬಂದರೆ ಅಲ್ಲಿಗೆ ಹೋಗುತ್ತೇನೆ. ಮೇಲಿನದು ಬಂದರೆ ಹಳೆಯದು ತಾನೇ ಹೋಗುತ್ತದೆ, ಆಮೇಲೆ ವಾಪಸ್ ಸಿಗುವುದಿಲ್ಲ. 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. 4 ಅಂದರೆ ಪೂರ್ತಿ ಹೊರಗೆ. ನನ್ನ ಗೆಳೆಯ ಒಬ್ಬ ಮನೆ ಹತ್ತಿರದ ಕಾಲೇಜಿನ ಸಿಎಸ್ ಸೀಟನ್ನು ಚಾಯ್ಸ್ 3 ಕೊಟ್ಟು ಬಿಟ್ಟ, ಎರಡನೇ ಸುತ್ತಿನಲ್ಲಿ ಅವನಿಗೆ ಏನೂ ಬರಲಿಲ್ಲ. 3 ಒತ್ತುವ ಮೊದಲು ಒಂದು ರಾತ್ರಿ ಮಲಗಿ ಎದ್ದು ಯೋಚನೆ ಮಾಡಿ.

ಹಾಜರಾತಿ ಬಿಇಯಲ್ಲಿ 85 ಪರ್ಸೆಂಟ್. ಬೆಳಿಗ್ಗೆ ಬಸ್ಸು ತಪ್ಪಿದರೆ ಮೊದಲ ಕ್ಲಾಸ್ ಹೋಯಿತು ಅಂತಲೇ ಲೆಕ್ಕ. ದಿನಾ ಓಡಾಡುವುದಾದರೆ ಬಸ್ಸಿನ ಹೊತ್ತು ಈಗಲೇ ವಿಚಾರಿಸಿ, ಆಗದಿದ್ದರೆ ಹಿಂದುಳಿದ ವರ್ಗದ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಇಂಗ್ಲಿಷ್ ಬಗ್ಗೆ ಅವಳಿಗೆ ಹೆದರಿಕೆ ಇದ್ದರೆ ನನಗೆ ಬರೆಯಲಿ. ಮೊದಲ ಇಂಟರ್ನಲ್ಸ್‌ನಲ್ಲಿ ನಾನು ಪ್ರಶ್ನೆಪತ್ರಿಕೆ ಓದುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡಿದ್ದೆ. ಈಗ ಜೂನಿಯರ್‌ಗಳಿಗೆ ಹೇಳಿಕೊಡುತ್ತೇನೆ.

ಹಾನಗಲ್_ಅಣ್ಣ

ಹೋಗಿ ಬಂದೆ. ಶಾಲೆಯ ಪತ್ರದಲ್ಲಿ ಒಂದರಿಂದ ಏಳರವರೆಗೆ ಮಾತ್ರ ಕನ್ನಡ ಮಾಧ್ಯಮ ಅಂತ ಬರೆದಿದ್ದರು, ಹೈಸ್ಕೂಲಿನ ಮೂರು ವರ್ಷ ಬಿಟ್ಟುಹೋಗಿತ್ತು. ಹೈಸ್ಕೂಲಿನ ಹೆಡ್‌ಮಾಸ್ಟರ್ ಮನೆಗೇ ಹೋಗಿ ಹೊಸದು ಬರೆಸಿಕೊಂಡೆ, ಬಿಇಓ ಸಹಿಯೂ ಆಯಿತು. ಬಿಸಿಎ ಅರ್ಜಿಯನ್ನೂ ಹಾಕಿದ್ದೇವೆ, ಟಿಸಿಗೆ ಪ್ರಾಂಶುಪಾಲರು ಸಮಯ ಕೊಟ್ಟಿದ್ದಾರೆ.

ಅಪ್ಪನ ಮುಂದೆ ಮೇಷ್ಟ್ರು ಬರೆದದ್ದನ್ನೂ, ಮಲೆನಾಡಿನ ಅಕ್ಕ ಬರೆದದ್ದನ್ನೂ ಓದಿ ಹೇಳಿದೆ. ಬೆಂಚಿನ ಮೇಲೆ ಕೂತಿದ್ದ ಅಪ್ಪನ ಮಾತು ಬಂದಾಗ ಅವರು ಏನೂ ಮಾತಾಡಲಿಲ್ಲ, ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದರು. ಆಮೇಲೆ, "ಮಾವನಿಗೆ ನಾನು ಹೇಳ್ತೀನಿ, ನೀವು ಪಟ್ಟಿ ಮಾಡಿ" ಅಂದರು. ತಂಗಿ ಆ ಪೆನ್ಸಿಲ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೇ ಕಾಲೇಜುಗಳ ಹೆಸರು ಬರೆಯುತ್ತಿದ್ದಾಳೆ. ಮೊದಲು ದಾವಣಗೆರೆ, ಎರಡನೆಯದು ಹಾವೇರಿ. ಮೂರನೆಯದಕ್ಕೆ ರಬ್ಬರ್ ಹಚ್ಚಿ ಹಚ್ಚಿ ಹಾಳೆ ತೆಳ್ಳಗಾಗಿದೆ. ಅಣಕು ಹಂಚಿಕೆ ಬಂದ ಮೇಲೆ ಇಲ್ಲೇ ಹೇಳುತ್ತೇನೆ.