ಕೋಳಿ ಫೀಡ್ ಮೂಟೆ ತಗೊಳ್ಳುವಾಗ ಏನೇನು ನೋಡ್ತೀರಿ? ಅನುಭವ ಹೇಳಿ

ಚನ್ನರಾಯಪಟ್ಟಣ ಹಿತ್ತಲು: ಮನೆ ಹಿಂದೆ 60 ಮೊಟ್ಟೆ ಕೋಳಿ ಇವೆ. ಹೋದ ವಾರ ತಂದ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಗೆ ಹಾಕುವ ಪುಡಿ ಫೀಡ್) ಬಿಚ್ಚಿದರೆ ಮುಗ್ಗಲು ವಾಸನೆ. ದಿನಕ್ಕೆ 48 ಬರುತ್ತಿದ್ದ ಮೊಟ್ಟೆ 35ಕ್ಕೆ ಇಳಿದಿದೆ. ಫೀಡ್ ಹಳೆಯದೋ, ಪ್ರೋಟೀನ್ ಇದೆಯೋ ಇಲ್ಲವೋ ಅಂತ ಅಂಗಡಿಯಲ್ಲೇ ತಿಳಿಯೋದು ಹೇಗೆ? ಈ ಮೂಟೆ ವಾಪಸ್ ಕೊಡಲಾ?

ಮೂಡಿಗೆರೆ ಗಿರಿರಾಜ: ಇದನ್ನು ಎರಡು ವರ್ಷದ ಹಿಂದೆ ನಾನು ಕೇಳಬೇಕಿತ್ತು. ಜುಲೈ ತಿಂಗಳು, ಬಿಡದ ಮಳೆ. ಮೂಟೆಗೆ 40 ರೂಪಾಯಿ ಕಮ್ಮಿ ಅಂತ ಒಟ್ಟಿಗೆ 20 ಮೂಟೆ ಇಳಿಸಿಕೊಂಡೆ. ನೆಲದ ಮೇಲೆ, ಗೋಡೆಗೆ ತಾಗಿಸಿ ಪೇರಿಸಿದೆ. ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಮೇಲಿನ ಮೂಟೆಯಲ್ಲೂ ಗಂಟು ಇತ್ತು. ಒಡೆದರೆ ಒಳಗೆ ಹಸಿರು ಬೂಸ್ಟು. ಬಿಸಿಲು ಬಂದ ದಿನ ಒಣಗಿಸಿ ಹಾಕಿದೆ. ಒಣಗಿಸಿದರೂ ವಿಷ ಹೋಗಲ್ಲ ಅಂತ ಡಾಕ್ಟರ್ ಆಮೇಲೆ ಹೇಳಿದರು. 9 ದಿನದಲ್ಲಿ 47 ಕೋಳಿ ಹೋದವು. ಕೊಯ್ದು ನೋಡಿದರೆ ಲಿವರ್ ಹಳದಿ. ಅಫ್ಲಾಟಾಕ್ಸಿನ್, ಅಂದರೆ ಬೂಸ್ಟಿನ ವಿಷ. ಕೋಳಿ 18,800, ಎಸೆದ 11 ಮೂಟೆ 20,900, ಔಷಧಿ 1,150, ಆಟೋ 500. ಒಟ್ಟು 41,350. ಉಳಿಸಿದ್ದು 800! ಈಗ ಅಂಗಡಿಯಲ್ಲೇ ಮೂಟೆ ಬಿಚ್ಚಿಸಿ ಮೊಳಕೈವರೆಗೆ ಕೈ ಇಳಿಸುತ್ತೇನೆ. ಒಳಗೆ ಬೆಚ್ಚಗಿದ್ದರೆ ಬೇಡ. ಮುಷ್ಟಿ ಕಟ್ಟಿ ಬಿಟ್ಟರೆ ಉದುರಬೇಕು. ಉಂಡೆ ನಿಂತರೆ ಅದೂ ಬೇಡ.

ಶಿರಾ ಸ್ವಂತ ಮಿಕ್ಸ್: ಮೂಟೆ ತಗೊಳ್ಳೋದೇ ದಂಡ. 4 ವರ್ಷದಿಂದ ನಾನೇ ಬೆರೆಸುತ್ತೇನೆ. 100 ಕೆಜಿಗೆ ಮೆಕ್ಕೆಜೋಳ 52, ಸೋಯಾ ಹಿಂಡಿ 24, ತೌಡು 13, ಮೊಟ್ಟೆ ಚಿಪ್ಪು ಗಟ್ಟಿಯಾಗೋಕೆ ಚಿಪ್ಪಿನ ಪುಡಿ 8, ಉಳಿದ 3 ಕೆಜಿ ಡಿಸಿಪಿ (ಕ್ಯಾಲ್ಸಿಯಂ, ರಂಜಕದ ಪುಡಿ), ಮಿನರಲ್, ಉಪ್ಪು. ಪ್ರೋಟೀನ್ 17%ರ ಮೇಲೆ ಕೂರುತ್ತೆ. ಜೋಳ ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು, ಮೂತಿ ಕಪ್ಪಾಗಿರಬಾರದು. ಇಷ್ಟೇ ವಿದ್ಯೆ.

ಕೆ.ಆರ್. ಪೇಟೆ ಅಕ್ಕ: ಶಿರಾ ಅಣ್ಣ, ನಿಮ್ಮ ಮಾತು ಕೇಳಿಯೇ ಹೋದ ಬೇಸಿಗೆ ನಾನೂ ಬೆರೆಸಿದೆ. ತಿಂಗಳಿಗೇ ತೌಡು ಕಮಟು. ಕೋಳಿ ಕೊಕ್ಕು ಹಾಕಲಿಲ್ಲ. ಆಮೇಲೆ ಚಿಪ್ಪಿಲ್ಲದ ಮೊಟ್ಟೆ ಶುರು. ಗೂಡಿಗೆ ಕೈ ಹಾಕಿದರೆ ನೀರು ತುಂಬಿದ ಬಲೂನಿನ ಹಾಗೆ ಜಾರುತ್ತಿತ್ತು.

ಶಿರಾ ಸ್ವಂತ ಮಿಕ್ಸ್: ಚಿಪ್ಪಿನ ಪುಡಿ ಹಾಕಿದ್ರಾ ಇಲ್ವಾ? ಅರ್ಧ ಓದಿ ಬೆರೆಸಿದರೆ ಹೀಗೇ.

ಕೆ.ಆರ್. ಪೇಟೆ ಅಕ್ಕ: 8 ಕೆಜಿ ತೂಗಿ ಹಾಕಿದ್ದೆ. ಅದರಲ್ಲಿ ಅರ್ಧ ಮರಳು! ನಿಂಬೆರಸ ಹಿಂಡಿ ನೋಡಿ, ಚಿಪ್ಪಾದರೆ ನೊರೆ ಬರುತ್ತೆ, ಮರಳಾದರೆ ಇಲ್ಲ ಅಂತ ನೀವು ಹೇಳಿದ್ರಾ?

ಫೀಡ್ ಅಂಗಡಿ ತಿಪಟೂರು: ಮರಳು ಅಂದಿರಲ್ಲ. ಮೊನ್ನೆ ಒಬ್ಬರು ಲೋಟ ನೀರಿಗೆ ಲೇಯರ್ ಮ್ಯಾಶ್ ಹಾಕಿ, ತಳದಲ್ಲಿ ನಿಂತದ್ದು ತೋರಿಸಿ ಕಳ್ಳ ಅಂದರು. ಅದು ಚಿಪ್ಪು ಸ್ವಾಮಿ, ಲೇಯರ್ ಮ್ಯಾಶಿನಲ್ಲಿ ಇರಲೇಬೇಕು! ಮೂಟೆ ಬಾಯಿಗೆ ಹೊಲಿದ ಚೀಟಿ ಓದಿ. ತಯಾರಾದ ದಿನ, ಪ್ರೋಟೀನ್, ನಾರು, ತೇವ ಎಲ್ಲ ಇರುತ್ತೆ. ತೇವ 11% ದಾಟಬಾರದು. ಚೀಟಿ ಓದದೆ ಕೈ ಮೊಳಕೈವರೆಗೆ ಇಳಿಸಿದರೆ ನನ್ನ ಮೂಟೆ ಯಾರು ತಗೊಳ್ತಾರೆ?

ಮೂಡಿಗೆರೆ ಗಿರಿರಾಜ: ಇಳಿಸ್ತೀನಿ, ದುಡ್ಡು ನಂದು. ಚೀಟಿಯ ಪ್ರೋಟೀನ್ ಕಥೆ ಬಿಡಿ. ಲ್ಯಾಬಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸ್ತಾರೆ. ಯೂರಿಯಾದಲ್ಲೂ ಸಾರಜನಕ ಇರೋದ್ರಿಂದ ಅದನ್ನು ಬೆರೆಸಿದರೂ ಪ್ರೋಟೀನ್ ಜಾಸ್ತಿ ತೋರಿಸುತ್ತೆ. ಯೂರಿಯಾ ಇದೆಯಾ ಅಂತ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.

ಫೀಡ್ ಅಂಗಡಿ ತಿಪಟೂರು: ನನ್ನ ಮೂಟೇಲಿ ಯೂರಿಯಾ ಇದೆ ಅಂತೀರಾ?

ಮೂಡಿಗೆರೆ ಗಿರಿರಾಜ: ನಿಮ್ಮ ಹೆಸರು ನಾನು ಎತ್ತಿದ್ನಾ?

ನಾಟಿ ಹಳ್ಳಿಮನೆ: ಎಲ್ಲ ಸುಮ್ನೆ. ನಮ್ಮಜ್ಜಿ ಒಂದು ದಿನವೂ ಫೀಡ್ ಹಾಕಲಿಲ್ಲ. ತಿಪ್ಪೆ ಕೆದಕಿ ತಿಂದ ಕೋಳಿ ಮೊಟ್ಟೆ ಒಡೆದರೆ ಒಳಗೆ ಕೇಸರಿ ಬಣ್ಣ. ನಿಮ್ಮದು ಬಿಳಚಿಕೊಂಡಿರುತ್ತೆ.

ಶಿರಾ ಸ್ವಂತ ಮಿಕ್ಸ್: ಅಜ್ಜಿ ಕೋಳಿ ವರ್ಷಕ್ಕೆ ಎಷ್ಟು ಇಡುತ್ತಿತ್ತು, ಅದನ್ನೂ ಹೇಳಿ. ಬಣ್ಣಕ್ಕೆ ಹಳದಿ ಮೆಕ್ಕೆಜೋಳ ಸಾಕು.

ಚನ್ನರಾಯಪಟ್ಟಣ ಹಿತ್ತಲು: ಹಾಗಾದ್ರೆ ನನ್ನ ಮೂಟೆ ವಾಪಸ್ ಕೊಡಲಾ ಬೇಡ್ವಾ?

ನಾಟಿ ಹಳ್ಳಿಮನೆ: ಜೋಳದ್ದು ಬರೀ ಹಳದಿ. ಕೇಸರಿ ಬರಬೇಕಂದ್ರೆ ಸೊಪ್ಪು ತಿನ್ನಬೇಕು. ಬನ್ನಿ ನಮ್ಮೂರಿಗೆ, ಒಡೆದು ತೋರಿಸ್ತೀನಿ.