ಪದಚರ್ಚೆ: ಬುಡಕ್ಕೆ ಕಡಿದು ಚಿಗುರಲು ಬಿಡುವುದಕ್ಕೆ ಏನಂತಾರೆ? ಹಲಗೆ ಇವತ್ತೇ ಬರೆಸಬೇಕು

ಬೇಲಿಹೂ:

ಎಲ್ಲರಿಗೂ ನಮಸ್ಕಾರ. ಅವಸರದ ಪ್ರಶ್ನೆ, ಬೇಸರ ಮಾಡ್ಕೋಬೇಡಿ.

ಸ್ಪೈರಿಯಾ ಮತ್ತು ಅಂಥ ಹೂವಿನ ಪೊದೆಗಿಡಗಳ ಆರೈಕೆ ಬಗ್ಗೆ ಎರಡು ಪುಟದ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಒಂದು ಹಲಗೆ. ಏಳು ಕಾಂಡದ ಹಳೇ ಸ್ಪೈರಿಯಾ ಒಂದನ್ನು ನೆಲದಿಂದ ಗೇಣು ಬಿಟ್ಟು ಪೂರ್ತಿ ಕಡಿದಿದ್ದಾರೆ. ಬಂದವರೆಲ್ಲ ಸತ್ತ ಗಿಡ ಅಂದುಕೊಂಡು ಅಲುಗಾಡಿಸಿ ನೋಡುತ್ತಾರೆ. ಒಬ್ಬರಂತೂ ಅದರ ಮೋಟು ಕಾಂಡಕ್ಕೆ ಚಪ್ಪಲಿಯ ಕೆಸರು ಒರೆಸಿ ಹೋದರು, ನಾನೇ ನೋಡಿದೆ. ಸಂಜೆಯೊಳಗೆ ಹಲಗೆ ಬರೆಸಬೇಕು. ಮೂರು ಪುಟ್ಟ ಸಾಲಿಗಷ್ಟೇ ಜಾಗ.

ಕೇಳಬೇಕಾದ್ದು ಇಷ್ಟು. ಸೊರಗಿದ ಗಿಡವನ್ನು ಬುಡದವರೆಗೆ ಕಡಿದು ಹೊಸದಾಗಿ ಚಿಗುರಲು ಬಿಡುತ್ತಾರಲ್ಲ, ಆ ಕೆಲಸಕ್ಕೆ ಹೆಸರೇನು? ನನ್ನ ಕರಡಿನಲ್ಲಿ ‘ನವಯೌವನ ಕತ್ತರಿಸುವಿಕೆ’ ಅಂತಿದೆ. ಓದಿ ನನಗೇ ನಗು ಬಂತು. ಆಮೇಲೆ, ಮೂಲದಲ್ಲಿ ‘ಹಳೇ ಮರದ ಮೇಲೆ ಹೂ ಬಿಡುವವು’, ‘ಹೊಸ ಮರದ ಮೇಲೆ ಹೂ ಬಿಡುವವು’ ಅಂತ ಎರಡು ಬಗೆ. ಹಾಗೇ ಬರೆದರೆ ಓದಿದವರು ಬಂದಳಿಕೆ ಅಂದುಕೊಳ್ಳುತ್ತಾರೆ, ಅಲ್ವಾ? ಕೊನೆಯದು ಶೀರ್ಷಿಕೆ. ‘ಹೆಣಗಾಡುತ್ತಿರುವ ಪೊದೆಗಳು’ ಅಂತ ಇಟ್ಟಿದ್ದೇನೆ. ನಡೆಯುತ್ತಾ?

ಕೋಶಪಾಲ:

‘ಪುನರುಜ್ಜೀವನ ಛೇದನ’. ಅರ್ಥ ಸ್ಪಷ್ಟ, ರಚನೆಯಲ್ಲಿ ದೋಷವಿಲ್ಲ. ‘ನವಯೌವನ’ ತೆಗೆದುಬಿಡಿ, ಲೇಹ್ಯದ ಜಾಹೀರಾತು ಅನಿಸುತ್ತದೆ. ಇನ್ನೊಂದು: ಬರಹದಲ್ಲಿ ‘ಫಲಕ’ ಎನ್ನಿ. ‘ಹಲಗೆ’ ಹೊಸಿಲಿಗೆ, ಮಂಚಕ್ಕೆ.

ಅಚ್ಚನುಡಿ:

> ‘ಪುನರುಜ್ಜೀವನ ಛೇದನ’

ಗಿಡಕ್ಕೆ ಓದಲು ಬಂದಿದ್ದರೆ ಇದನ್ನು ಓದಿಯೇ ಸಾಯುತ್ತಿತ್ತು.

ಕನ್ನಡದಲ್ಲಿ ಪದ ಇದೆ ಸ್ವಾಮಿ. ಕೂಳೆ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರಿ ಬರುತ್ತದಲ್ಲ, ಅದು ಕೂಳೆ ಬೆಳೆ. ಕೆಲಸ ಅದೇ, ಬುಡವೂ ಅದೇ, ಚಿಗುರೂ ಅದೇ. ‘ಕೂಳೆಗೆ ಬಿಟ್ಟಿದೆ’ ಅಂತ ಹಲಗೆಯಲ್ಲಿ ಬರೆಯಿರಿ, ಎರಡೇ ಪದ. ಛ, ಫ ಎಲ್ಲ ಹೇಳಲು ಬಾಯಿ ತಿರುಚಿಕೊಳ್ಳುವುದು ಯಾರಿಗೆ ಬೇಕು?

‘ಹೆಣಗಾಡು’ ಬಗ್ಗೆ ಒಂದು ಮಾತು. ಹೆಚ್ಚಿನವರು ಇದು ‘ಹೆಣ’ದಿಂದ ಬಂದದ್ದು ಅಂದುಕೊಂಡಿದ್ದಾರೆ. ಅಲ್ಲ. ಹಳಗನ್ನಡದಲ್ಲಿ ‘ಪೆಣ’ ಬೇರೆ, ‘ಪೆಣಗು’ ಬೇರೆ. ಪೆಣಗು ‘ಪೆಣೆ’ಯ ಬಳಗ, ಈಗಿನ ಹೆಣೆ. ಇಬ್ಬರು ಹೆಣೆದುಕೊಂಡು ಗುದ್ದಾಡಿದರೆ ಹೆಣಗಾಟ. ಸ್ಪೈರಿಯಾ ಅನ್ನುವುದಕ್ಕೂ ಗ್ರೀಕಿನಲ್ಲಿ ಸುತ್ತಿಕೊಂಡದ್ದು, ಸುರುಳಿ ಅಂತಲೇ ಅರ್ಥ. ಅಂದಮೇಲೆ ಈ ಗಿಡಕ್ಕೆ ಸ್ಪೈರಿಯಾ ಅಂತ ಯಾಕೆ ಬರೆಯಬೇಕು? ‘ಹೆಣೆಹೂ’ ಅನ್ನಿ. ಮಾಲೆ ಹೆಣೆದ ಹಾಗೆ ರೆಂಬೆ ತುಂಬಾ ಹೂ ಬರುತ್ತದೆ, ಹೆಸರು ಒಪ್ಪುತ್ತದೆ.

ಕತ್ತರಿಕೈ:

ಕೂಳೆ ಅಂತ ಬರೆದರೆ ಜನ ಕಿತ್ತು ಜಗಿದಾರು.

ಮೇಡಂ, ಪದ ಆಮೇಲೆ. ಮೊದಲು ಗಿಡ ಯಾವುದು ಅಂತ ನೋಡಿ. ಸ್ಪೈರಿಯಾ ಅಂದರೆ ಒಂದೇ ಗಿಡ ಅಲ್ಲ. ಬಾಗಿದ ರೆಂಬೆ, ಬಿಳಿ ಹೂ, ವಸಂತದಲ್ಲೇ ಹೂ ಬಿಡುವುದು ಒಂದು ಬಗೆ. ವ್ಯಾನ್‌ಹೂಟ್, ಥನ್‌ಬರ್ಗ್ ಎಲ್ಲ ಇದರಲ್ಲಿ ಬರುತ್ತವೆ. ಇವು ಹೋದ ವರ್ಷ ಬೆಳೆದ ಕಡ್ಡಿಯಲ್ಲೇ ಮೊಗ್ಗು ಕಟ್ಟಿಕೊಂಡಿರುತ್ತವೆ. ಹೂ ಮುಗಿದ ಕೂಡಲೇ ಸವರಬೇಕು. ಗುಲಾಬಿ ಬಣ್ಣದ ಚಪ್ಪಟೆ ಗೊಂಚಲು ಬೇಸಿಗೆಯಲ್ಲಿ ಬಂದರೆ ಅದು ಜಪಾನಿ ಸ್ಪೈರಿಯಾ. ‘ಆಂಟನಿ ವಾಟರರ್’, ‘ಗೋಲ್ಡ್‌ಫ್ಲೇಮ್’ ಈ ಬಗೆಯವು. ಇವು ಅದೇ ವರ್ಷದ ಚಿಗುರಿನಲ್ಲಿ ಹೂ ಬಿಡುತ್ತವೆ. ಚಳಿಗಾಲ ಮುಗಿಯುವ ಹೊತ್ತಿಗೆ 15-20 ಸೆಂ.ಮೀ. ಉಳಿಸಿ ಕಡಿದರೂ ಆ ವರ್ಷದ ಹೂ ತಪ್ಪುವುದಿಲ್ಲ.

ಈಗ ‘ಹಳೇ ಮರ’ದ ಕಥೆ ಕೇಳಿ. ನನಗೆ ಒಮ್ಮೆ ಒಂದು ಅನುವಾದದ ಹಾಳೆ ಸಿಕ್ಕಿತ್ತು. ಅದರಲ್ಲೂ ‘ಹಳೇ ಮರದ ಮೇಲೆ ಹೂ ಬಿಡುತ್ತದೆ’ ಅಂತಿತ್ತು. ನಾನು ನಂಬಿದೆ. ಹಳೇದು ಅಂದರೆ ದಪ್ಪದ್ದು ತಾನೇ? ಹೆಬ್ಬೆರಳು ಗಾತ್ರದ, ತೊಗಟೆ ಬಿರುಕು ಬಿಟ್ಟ ಕಾಂಡಗಳನ್ನೆಲ್ಲ ಜೋಪಾನ ಮಾಡಿದೆ. ಪೆನ್ಸಿಲ್ ದಪ್ಪದ, ನುಣ್ಣಗೆ ಕಂದಾಗಿದ್ದ ಕಡ್ಡಿಗಳನ್ನೆಲ್ಲ ಕೂತು ಒಂದೊಂದಾಗಿ ಕತ್ತರಿಸಿದೆ. ಆ ಪೆನ್ಸಿಲ್ ಕಡ್ಡಿಗಳೇ ಹೋದ ವರ್ಷದವು. ಮೊಗ್ಗೆಲ್ಲ ಅದರಲ್ಲೇ ಇತ್ತು. ಆ ವಸಂತ ಪೂರ್ತಿ ಗಿಡ ಹಸಿರಾಗಿತ್ತು, ಹೂ ಒಂದೂ ಇಲ್ಲ. ಒಂದು ಪದ ನನ್ನ ಒಂದು ವರ್ಷದ ಹೂ ತಿಂದಿತು.

ಅದಕ್ಕೇ ‘ಹೋದ ವರ್ಷದ ಕಡ್ಡಿ’, ‘ಈ ವರ್ಷದ ಚಿಗುರು’ ಅಂತ ಬರೆಯಿರಿ. ಲೈಲಾಕ್, ಫಾರ್ಸಿಥಿಯಾ ಮೊದಲಿನ ಗುಂಪು. ಕದಿರಿನ ಹಾಗೆ ಚೂಪು ಗೊಂಚಲಿನ ಹೈಡ್ರೇಂಜಿಯಾ ಎರಡನೇ ಗುಂಪು.

ಕೆಲಸಕ್ಕೆ ಹೆಸರು ಬೇಕಾದರೆ ದ್ರಾಕ್ಷಿ ತೋಟದವರು ‘ಚಾಟನಿ’ ಅನ್ನುತ್ತಾರೆ. ‘ಬುಡ ಚಾಟನಿ’ ಅನ್ನಿ, ಮುಗೀತು.

ಅಚ್ಚನುಡಿ:

ಚಾಟನಿ ಮರಾಠಿ. ಬೇಡ.

ಕತ್ತರಿಕೈ:

ಕೈಯಲ್ಲಿರುವ ಕತ್ತರಿ ಸಂಸ್ಕೃತದ ಕರ್ತರಿ. ಅದನ್ನೂ ಕೆಳಗಿಟ್ಟು ಹಲ್ಲಲ್ಲಿ ಕಚ್ಚಲಾ?

ಕೋಶಪಾಲ:

ಅಚ್ಚನುಡಿಯವರೇ, ನೀವು ಅಷ್ಟು ಪ್ರೀತಿಯಿಂದ ಹಿಡಿದುಕೊಂಡಿರುವ ‘ಹಲಗೆ’ ನನ್ನ ‘ಫಲಕ’ದ ತದ್ಭವ. ಫಕಾರ ಸವೆದು ಹಕಾರವಾದ ಮಾತ್ರಕ್ಕೆ ಅಚ್ಚಗನ್ನಡವಾಗುವುದಿಲ್ಲ.

‘ಹೆಣೆಹೂ’ ವಿಚಾರ. ಸ್ಪೈರ ಎಂದರೆ ಸುರುಳಿ, ಅದು ಸರಿ. ಆದರೆ ಹೆಸರು 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಗ್ರಂಥದಿಂದಲೇ ಕುಲನಾಮವಾಗಿ ನಿಂತಿದೆ. 1899ರಲ್ಲಿ ಬಂದ ಆಸ್ಪಿರಿನ್ ಮಾತ್ರೆಯ ಹೆಸರಿನೊಳಗಿನ ‘ಸ್ಪಿರ್’ ಸಹ ಇದೇ ಹೆಸರಿನ ಚೂರು. ಆ ಮಾತ್ರೆಗೆ ಹೆಸರು ಕೊಟ್ಟ ಗಿಡ ಈಗ ಬೇರೆ ಕುಲದಲ್ಲಿದೆ, ಆದರೂ ಯಾರೂ ಮಾತ್ರೆಯ ಹೆಸರು ಬದಲಿಸಿಲ್ಲ. ಹೆಸರುಗಳನ್ನು ಬಿಚ್ಚಿ ಅನುವಾದ ಮಾಡಬಾರದು. ನಾಳೆ ತಲೆನೋವಿನ ಮಾತ್ರೆಗೂ ಹೆಣೆಗುಳಿಗೆ ಎನ್ನುತ್ತೀರಾ?

ಅಚ್ಚನುಡಿ:

ಯಾಕಾಗಬಾರದು? ಚೆನ್ನಾಗೇ ಇದೆ. ಎರವಲು ತರಲೇಬಾರದು ಅಂತ ನಾನು ಹೇಳಿದ್ದಲ್ಲ. ಮನೆಯಲ್ಲಿ ಇರುವಾಗ ಪಕ್ಕದ ಮನೆಗೆ ಪಾತ್ರೆ ಹಿಡಿದುಕೊಂಡು ಹೋಗಬೇಡಿ ಅಂತ. ಕೂಳೆ ಇದೆ. ಸವರು ಇದೆ. ಚಿವುಟು ಇದೆ. ಬಾಳೆಯ ಮರಿಗೆ ‘ಕಂದು’ ಅನ್ನುವ ಪದ ಇದೆ, ಬುಡದಿಂದ ಏಳುವ ಮರಿಗಿಡಕ್ಕೆಲ್ಲ ಅದನ್ನೇ ಹಿಗ್ಗಿಸಬಹುದು. ಇದನ್ನೆಲ್ಲ ಬಿಟ್ಟು ‘ಛೇದನ’ ಅನ್ನುವವರು ಗಿಡ ಮುಟ್ಟಿದವರಲ್ಲ.

ಕೋಶಪಾಲ:

‘ಸವರು’ ಎಂದರೆ ಬೆಣ್ಣೆ ಸವರುವುದೂ ಹೌದು, ಬೆನ್ನು ಸವರುವುದೂ ಹೌದು. ‘ಗಿಡವನ್ನು ಬುಡದವರೆಗೆ ಸವರಿದ್ದೇವೆ’ ಎಂದರೆ ಮುದ್ದು ಮಾಡಿದ್ದೀರೋ, ಕಡಿದಿದ್ದೀರೋ? ಪಾರಿಭಾಷಿಕ ಪದಕ್ಕೆ ಒಂದೇ ಅರ್ಥ ಇರಬೇಕು. ಅದಕ್ಕೇ ಸಂಸ್ಕೃತ.

ಅಚ್ಚನುಡಿ:

ರೆಂಬೆ ಸವರುವುದಕ್ಕೂ ಬೆಣ್ಣೆ ಸವರುವುದಕ್ಕೂ ಗೊಂದಲ ಮಾಡಿಕೊಂಡ ಒಬ್ಬ ಕನ್ನಡಿಗನನ್ನು ತೋರಿಸಿ. ಎರಡೂ ಒಂದೇ ಪದ, ನನ್ನ ಪ್ರಕಾರ. ಉಬ್ಬುತಗ್ಗು ತೆಗೆದು ಸಾಪು ಮಾಡುವುದು. ಬೆಣ್ಣೆಗೂ ಅದೇ, ಬೇಲಿಗೂ ಅದೇ.

ಕೋಶಪಾಲ:

ಊಹೆ.

ಬೇಲಿಹೂ:

ದಯವಿಟ್ಟು. ಬರೆಯುವವರು ಬಣ್ಣ ಕಲಸಿಕೊಂಡು ಕೂತಿದ್ದಾರೆ.

ಕತ್ತರಿಕೈ ಅವರೇ, ತುಂಬಾ ಉಪಕಾರ ಆಯ್ತು. ಕಡಿಯುವ ಮೊದಲು ಗುಲಾಬಿ ಹೂ ಬಿಡುತ್ತಿತ್ತಂತೆ, ಬೇಸಿಗೆಯಲ್ಲಿ. ಹಾಗಾದರೆ ಜಪಾನಿ ಬಗೆ. ‘ಕಡ್ಡಿ’ಯನ್ನು ಕೈಪಿಡಿಯಲ್ಲಿ ಎಲ್ಲ ಕಡೆ ಹಾಕಿದೆ. ಶೀರ್ಷಿಕೆಯೂ ಹಲಗೆಯೂ ಇನ್ನೂ ಹಾಗೇ ಇವೆ.

ಕರಡುತಿದ್ದು:

ಸುಮ್ನೆ ಓದುತ್ತಾ ಕೂತಿದ್ದೆ. ಎರಡು ಮಾತು.

ಶೀರ್ಷಿಕೆಯಲ್ಲಿ ‘ಹೆಣಗಾಡು’ ಬೇಡ. ವ್ಯುತ್ಪತ್ತಿ ಹೇಗಾದರೂ ಇರಲಿ, ಕನ್ನಡದಲ್ಲಿ ಹೆಣಗಾಡುವುದು ಕೈಕಾಲು ಇರುವವರು. ಸಾಲದ ಜೊತೆ, ಗಣಿತದ ಜೊತೆ ಹೆಣಗಾಡುತ್ತೇವೆ. ಗಿಡ ಸೊರಗುತ್ತದೆ. ನಿಮ್ಮ ಪ್ರಶ್ನೆಯಲ್ಲೇ ‘ಸೊರಗಿದ ಗಿಡ’ ಅಂತ ಬರೆದಿದ್ದೀರಿ ನೋಡಿ. ಅನುವಾದ ಮಾಡದೇ ಇದ್ದಾಗ ಸರಿಯಾದ ಪದ ತಾನಾಗಿ ಬಂದಿದೆ.

‘ಬಾಡಿದ’ ಅಂತಲೂ ಬೇಡ. ಬಾಡುವುದು ಮಧ್ಯಾಹ್ನದ ಮಾತು, ನೀರು ಕಂಡರೆ ಸಂಜೆಗೆ ತಲೆ ಎತ್ತುತ್ತದೆ. ಸೊರಗುವುದು ತಿಂಗಳುಗಟ್ಟಲೆಯ ಮಾತು. ಇದು ಬರೀ ಪದದ ಚೆಂದ ಅಲ್ಲ. ‘ಬಾಡಿದೆ’ ಅಂತ ಓದಿದವನು ನೀರು ಸುರಿಯುತ್ತಾನೆ. ಮಣ್ಣಲ್ಲಿ ನೀರು ನಿಂತೇ ಸೊರಗಿದ ಗಿಡವಾದರೆ ಇದ್ದಬದ್ದ ಬೇರೂ ಕೊಳೆಯುತ್ತದೆ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಇನ್ನೊಂದೇ, ಅದಕ್ಕೆ ‘ಬಿಳಿಚಿಕೊಳ್ಳು’ ಅಂತ ಇಟ್ಟುಕೊಳ್ಳಿ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಲ್ಲಿ ಗಿಡಕ್ಕೆ ಕಬ್ಬಿಣ ಸಿಗದೆ ಹಾಗಾಗುತ್ತದೆ. ಬೇರೆ ಬೇರೆ ಕಾಯಿಲೆಗೆ ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದ ಇರುವಾಗ ಎಲ್ಲವನ್ನೂ ‘ಒತ್ತಡಕ್ಕೊಳಗಾದ ಸಸ್ಯ’ ಅಂತ ಒಂದೇ ಚೀಲಕ್ಕೆ ತುಂಬಬೇಡಿ.

ಹಲಗೆಗೆ ಬರೋಣ. ಬೆಳಗಿನಿಂದ ಇಲ್ಲಿ ಎಲ್ಲರೂ ನಾಮಪದಕ್ಕೆ ಜಗಳ ಆಡುತ್ತಿದ್ದೀರಿ. ಯಾರಿಗೆ ಬೇಕು ನಾಮಪದ? ಹಲಗೆ ಓದುವವನಿಗೆ ಆ ಕೆಲಸದ ಹೆಸರು ಬೇಡ. ಗಿಡ ಬದುಕಿದೆಯೋ ಇಲ್ಲವೋ ಅಂತ ಗೊತ್ತಾಗಬೇಕು. ಕ್ರಿಯಾಪದ ಸಾಕು:

ಸತ್ತಿಲ್ಲ.
ಬುಡಕ್ಕೆ ಸವರಿದ್ದೇವೆ.
ಚಿಗುರುತ್ತದೆ.

ಕೋಶಪಾಲ:

‘ಸತ್ತಿಲ್ಲ’ ಅಮಂಗಳ. ‘ಜೀವಂತವಿದೆ’ ಎನ್ನಿ.

ಅಚ್ಚನುಡಿ:

ಸತ್ತಿಲ್ಲ ಅನ್ನುವುದು ಅಮಂಗಳ ಹೇಗಾಗುತ್ತೆ, ಇಲ್ಲ ಅಂತಲೇ ಹೇಳುತ್ತಿದ್ದೇವಲ್ಲ! ಮೂರು ಸಾಲೂ ಒಪ್ಪಿಗೆ. ‘ಸವರಿದ್ದೇವೆ’ ಉಳಿದದ್ದಕ್ಕೆ ಖುಷಿ. ಆದರೆ ಕೈಪಿಡಿಯಲ್ಲಾದರೂ ಒಂದು ಕಡೆ ಕೂಳೆ ಇರಲಿ, ಮೇಡಂ.

ಬೇಲಿಹೂ:

ಒಂದು ಕಡೆ ಹಾಕುತ್ತೇನೆ ಸರ್. ‘ಕಬ್ಬಿನ ಕೂಳೆಯ ಹಾಗೆ’ ಅಂತ. ಮಣ್ಣಿನ ಮೇಲೆ ಹಾಕುವ ಎಲೆಪುಡಿಯ ಪದರಕ್ಕೆ ‘ಹೊದಿಕೆ’ ಅಂತ ಬರೆದಿದ್ದೇನೆ, ‘5ರಿಂದ 8 ಸೆಂ.ಮೀ., ಬುಡಕ್ಕೆ ತಾಗದಂತೆ’. ಅದಕ್ಕೂ ಜಗಳ ಇದೆಯಾ?

ಅಚ್ಚನುಡಿ:

ಮುಚ್ಚಿಗೆ.

ಕತ್ತರಿಕೈ:

ಹೊದಿಕೆ ಸಾಕು, ಬಿಡಿ.

ಆದರೆ ಮೂರನೇ ಸಾಲಿಗೆ ನನ್ನ ತಕರಾರಿದೆ. ‘ಚಿಗುರುತ್ತದೆ’ ಅಂತ ಹೇಗೆ ಬರೆಯುತ್ತೀರಿ? ಏಳು ಕಾಂಡ ಅಂದಿರಿ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿದ್ದೀರಾ? ಕೆಳಗೆ ಹಸಿರು ಕಂಡರೆ ಜೀವ ಇದೆ. ಕಂದಾಗಿ, ಒಣಗಿ ಪುಡಿಪುಡಿಯಾದರೆ ಆ ಕಾಂಡ ಮುಗೀತು. ಅಂದ ಹಾಗೆ ಅಷ್ಟು ಸೊರಗಿದ ಗಿಡವನ್ನು ಒಂದೇ ಏಟಿಗೆ ಕಡಿಯುವ ಬದಲು ನಾನಾಗಿದ್ದರೆ ವರ್ಷಕ್ಕೆ ಮೂರನೇ ಒಂದು ಪಾಲು, ತೀರಾ ಹಳೇ ಕಾಂಡಗಳನ್ನಷ್ಟೇ, ಮೂರು ವರ್ಷ ತೆಗೆಯುತ್ತಿದ್ದೆ. ಈಗ ಕಡಿದಾಗಿದೆ.

ಹಲಗೆ ಬರೆದು ಗಿಡ ಚಿಗುರದೇ ಹೋದರೆ ಓದಿದವರು ಕೇಳುವುದು ನಿಮ್ಮನ್ನೇ.

ಕರಡುತಿದ್ದು:

ಅದಕ್ಕೆ ಕನ್ನಡದಲ್ಲಿ ರೂಪವೇ ಇದೆಯಲ್ಲ. ಚಿಗುರೀತು.

ಕೋಶಪಾಲ:

ಸಂಭಾವನಾರ್ಥಕ. ಬೆಳಗಿನಿಂದ ಈ ಸರಣಿಯಲ್ಲಿ ಬಂದ ಒಂದೇ ಒಳ್ಳೆಯ ಸಲಹೆ.

ಅಚ್ಚನುಡಿ:

ಇದನ್ನು ಹೇಳಲು ಬೇರೆ ನುಡಿಗಳಿಗೆ ನಾಲ್ಕು ಪದ ಬೇಕು. ಒಪ್ಪಿದೆ. ಕೋಶಪಾಲರನ್ನು ನಾನು ಒಪ್ಪಿದ ದಿನ ಅಂತ ಗುರುತು ಹಾಕಿಕೊಳ್ಳಿ.

ಬೇಲಿಹೂ:

ಓಡಿಹೋಗಿ ಕೆರೆದು ನೋಡಿಕೊಂಡು ಬಂದೆ. ಉಗುರಲ್ಲಿ ಇನ್ನೂ ತೊಗಟೆ ಪುಡಿ ಇದೆ. ನಾಲ್ಕು ಕಾಂಡದಲ್ಲಿ ಹಸಿರು, ಎಳೇ ಬಟಾಣಿ ಬಣ್ಣ. ಎರಡರಲ್ಲಿ ಏನೂ ಇಲ್ಲ, ಬರೀ ಕಂದು. ಒಂದು ಮಾತ್ರ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಆ ಚಪ್ಪಲಿ ಒರೆಸಿಕೊಂಡ ಕಾಂಡವೇ ಅದು.

ಅಂದರೆ ಗಿಡ ಚಿಗುರುತ್ತದೆ. ಆ ಕಾಂಡ ಚಿಗುರೀತು. ಹಲಗೆಯಲ್ಲಿ ‘ಚಿಗುರುತ್ತದೆ’ ಅಂತಲೇ ಬರೆಸಿದೆ. ಹಲಗೆಯನ್ನು ನೆಟ್ಟದ್ದು ಮಾತ್ರ ಆ ಕಾಂಡದ ಪಕ್ಕದಲ್ಲಿ, ಮತ್ತೆ ಯಾರೂ ಕಾಲು ಹಾಕಬಾರದು ಅಂತ.