ಇಂಜುರಿಗೆ ‘ಹೃದಯಾಘಾತ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಸ್ಟ್ರೋಕ್ ಆದವರ ಮನೆಯವರು ಓದೋಕೆ ಅಂತ ಒಂದು ಮಾಹಿತಿ ಹಾಳೆ ಕನ್ನಡಕ್ಕೆ ತರ್ತಾ ಇದೀನಿ, ಎರಡು ದಿನದಿಂದ ಒಂದೇ ಸಾಲಲ್ಲಿ ಸಿಕ್ಕಾಕೊಂಡಿದೀನಿ. ಮೂಲದಲ್ಲಿರೋದು ಅಕ್ಯೂಟ್ ಸ್ಟ್ರೋಕ್ ಪೇಶಂಟ್‌ಗಳಲ್ಲಿ ಮಯೋಕಾರ್ಡಿಯಲ್ (ಅಂದ್ರೆ ಹೃದಯದ ಸ್ನಾಯುವಿನ) ಇಂಜುರಿ ಮಾರ್ಕರ್ಸ್ (ರಕ್ತ ಪರೀಕ್ಷೆಲಿ ಸಿಗೋ ಗುರುತುಗಳು) ಅಂತ. ಹಳೇ ಕರಡಲ್ಲಿ ಯಾರೋ ‘ತೀವ್ರ ಪಾರ್ಶ್ವವಾಯು ರೋಗಿಗಳಲ್ಲಿ ಹೃದಯಾಘಾತದ ಸೂಚಕಗಳು’ ಅಂತ ಮಾಡಿಟ್ಟಿದಾರೆ. ಓದೋಕೆ ಗಂಭೀರವಾಗೇ ಇದೆ, ಅರ್ಥ ಮಾತ್ರ ಮೂರು ಕಡೆ ಜಾರಿದೆ.

ಹೃದಯಾಘಾತ ಅಂದ್ರೆ ಓದೋರಿಗೆ ಹಾರ್ಟ್ ಅಟ್ಯಾಕೇ. ಇಂಜುರಿ ಅದಲ್ಲ. ಹೃದಯದ ಸ್ನಾಯುವಿನ ಕೋಶಗಳಿಗೆ ಏಟಾದಾಗ ಒಳಗಿರೋ ಟ್ರೋಪೋನಿನ್ ಅನ್ನೋ ಪ್ರೋಟೀನ್ ರಕ್ತಕ್ಕೆ ಸೋರುತ್ತೆ, ಅದು 99ನೇ ಪರ್ಸೆಂಟೈಲ್ ಮಿತಿ (ಆರೋಗ್ಯವಂತರಲ್ಲಿ ನೂರಕ್ಕೆ 99 ಜನರ ಮಟ್ಟ ಇದರೊಳಗೇ ಇರುತ್ತೆ) ದಾಟಿದ್ರೆ ಇಂಜುರಿ ಅಂತಾರೆ, ಅಷ್ಟೇ. ಅಟ್ಯಾಕ್ ಅನ್ನಬೇಕಾದ್ರೆ ಆ ಮಟ್ಟ ಏರಬೇಕು ಇಲ್ಲಾ ಇಳೀಬೇಕು, ಜೊತೆಗೆ ಹೃದಯಕ್ಕೆ ರಕ್ತ ಸಾಲದೇ ಹೋಗಿದೆ ಅನ್ನೋಕೆ ಎದೆನೋವೋ ಇಸಿಜಿಲಿ ಬದಲಾವಣೆನೋ ಏನಾದ್ರೂ ಕಾಣಬೇಕು. ಹಾರ್ಟ್ ಅಟ್ಯಾಕ್ ಅಂದ್ರೇನು ಅಂತ ಹೃದ್ರೋಗ ತಜ್ಞರ ಸಂಘಗಳು ಒಪ್ಪಿಕೊಂಡಿರೋ 2018ರ ನಾಲ್ಕನೇ ಸಾರ್ವತ್ರಿಕ ವ್ಯಾಖ್ಯೆ ಇವೆರಡನ್ನೂ ಬೇರೆಬೇರೆನೇ ಇಟ್ಟಿದೆ. ಸ್ಟ್ರೋಕಲ್ಲಂತೂ ಈ ಫರಕು ತುಂಬಾ ಮುಖ್ಯ, ಯಾಕಂದ್ರೆ ಮಿದುಳಿನ ಇನ್ಸುಲಾ ಅನ್ನೋ ಭಾಗಕ್ಕೆ ಪೆಟ್ಟಾದ್ರೆ ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ಉಕ್ಕಿ, ಹೃದಯದ ರಕ್ತನಾಳ ಕಟ್ಟದೇ ಇದ್ರೂ ಸ್ನಾಯುಗೆ ಏಟಾಗಬಹುದು. ಕಿಡ್ನಿ ಕೆಟ್ಟಿದ್ರೂ ಟ್ರೋಪೋನಿನ್ ಮೇಲೇ ಇರಬಹುದು. ಇಷ್ಟೆಲ್ಲಾ ಇರುವಾಗ ‘ಹೃದಯಾಘಾತದ ಸೂಚಕ’ ಅಂತ ಬರೆದ್ರೆ, ಒಂದು ದುಃಖದಲ್ಲಿರೋ ಮನೆಯವರಿಗೆ ಇಲ್ಲದ ಇನ್ನೊಂದನ್ನ ಹೊರಿಸಿದ ಹಾಗೆ.

ಹಾಗಾದ್ರೆ ಏನನ್ನೋಣ? ‘ಹಾನಿ’ ಅಂದ್ರೆ ಇನ್ನು ಸರಿಹೋಗಲ್ಲ ಅನ್ನೋ ಧ್ವನಿ ಬರುತ್ತೆ. ‘ಗಾಯ’ ಅಂದ್ರೆ ಚರ್ಮ, ರಕ್ತ, ಬ್ಯಾಂಡೇಜು. ‘ಜಖಂ’ ಗಾಡಿಗೆ ಸರಿ. ನನಗೆ ‘ಘಾಸಿ’ ಹಿಡಿಸ್ತು, ಆದ್ರೆ ‘ಹೃದಯಕ್ಕೆ ಘಾಸಿ’ ಅಂದ್ರೆ ಪ್ರೇಮಭಂಗದ ಕಥೆ ಆಗೋಗುತ್ತೆ (ಬ್ರೋಕನ್ ಹಾರ್ಟ್ ಅಂತ ಕರೆಯೋ ಟಾಕೊಟ್ಸುಬೊ ಕಾಯಿಲೆ ಸ್ಟ್ರೋಕ್ ಆದವರಲ್ಲೂ ಕಾಣುತ್ತೆ ಅನ್ನೋದು ಬೇರೆ ಮಾತು!). ಅದಕ್ಕೇ ‘ಹೃದಯದ ಸ್ನಾಯುಗೆ ಘಾಸಿ’ ಅಂತ ಸ್ನಾಯು ಸೇರಿಸಿದೀನಿ.

‘ತೀವ್ರ’ನೂ ತಪ್ಪು ದಾರಿಗೆ ಎಳೆಯುತ್ತೆ. ಅಕ್ಯೂಟ್ ಅಂದ್ರೆ ಇಲ್ಲಿ ಈಗಷ್ಟೇ ದಿಢೀರಂತ ಆಗಿದ್ದು, ಜೋರಾಗಿ ಆಗಿದ್ದು ಅಂತಲ್ಲ. ಸಣ್ಣ ಸ್ಟ್ರೋಕೂ ಅಕ್ಯೂಟೇ. ಪಾರ್ಶ್ವವಾಯು ಅಂದ್ರೆ ಒಂದು ಮಗ್ಗುಲು ಬಿದ್ದುಹೋಗೋದು, ಆದ್ರೆ ಬರೀ ಮಾತು ನಿಂತೋ ಕಣ್ಣು ಮಂಜಾಗಿಯೋ ಬರೋ ಸ್ಟ್ರೋಕೂ ಇದೆ, ಹಾಗಾಗಿ ಸ್ಟ್ರೋಕ್ ಅಂತಲೇ ಬಿಟ್ಟೆ. ‘ಮಿದುಳಾಘಾತ’ ಹಾಕೋಣ ಅಂದ್ರೆ ಪಕ್ಕದಲ್ಲೇ ಇನ್ನೊಂದು ಆಘಾತ ಕಾಯ್ತಾ ಕೂತಿರುತ್ತೆ.

ಸದ್ಯಕ್ಕೆ ನನ್ನ ಸಾಲು: ‘ಈಗಷ್ಟೇ ಸ್ಟ್ರೋಕ್ ಆದವರ ರಕ್ತದಲ್ಲಿ, ಹೃದಯದ ಸ್ನಾಯುಗೆ ಘಾಸಿಯಾಗಿದೆ ಅನ್ನೋದರ ಕುರುಹುಗಳು’. ಉದ್ದ ಆಯ್ತು, ಗೊತ್ತು. ಮಾರ್ಕರ್‌ಗೆ ಕುರುಹು ನಡೆಯುತ್ತಾ, ಇಲ್ಲಾ ‘ಸುಳಿವು’ ವಾಸಿನಾ? ಲ್ಯಾಬಲ್ಲೋ ವಾರ್ಡಲ್ಲೋ ಕೆಲಸ ಮಾಡೋರು ಮನೆಯವರಿಗೆ ಬಾಯಲ್ಲಿ ಹೇಳುವಾಗ ಯಾವ ಪದ ಬಳಸ್ತೀರಿ ಅಂತ ತಿಳಿಸಿದ್ರೆ ಈ ಸಾಲನ್ನ ಮತ್ತೆ ಮುರಿದು ಕಟ್ತೀನಿ.